ಒಂದು ಸೆಟ್, ಇಬ್ಬರಿಗೆ

"ಕೃಷ್ಣಮೂರ್ತಿ ಡಿ., ವಚನಾ ಎಸ್.! ಇಬ್ಬರಿಗೂ ಸೇರಿ ಒಂದು ಸೆಟ್. ಎಸ್‌ಸಿ-ಎಸ್‌ಟಿ ಬುಕ್ ಬ್ಯಾಂಕ್‌ನೋರೆಲ್ಲಾ ಈ ಕಡೆ ಬನ್ರಪ್ಪಾ!"

ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಗುಮಾಸ್ತ ವೆಂಕಟಗಿರಿಯವರಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವೇ ಇರಲಿಲ್ಲ. ಓದುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು. ವಚನಾ ದುಪಟ್ಟಾವನ್ನು ಕೆನ್ನೆಯವರೆಗೂ ಎಳೆದುಕೊಂಡು, ನೆಲ ನೋಡುತ್ತ ಕೌಂಟರಿನವರೆಗೆ ಬಂದಳು.

ಅವಳ ಪಕ್ಕಕ್ಕೆ ಒಬ್ಬ ತೆಳ್ಳಗಿನ ಹುಡುಗ ಬಂದು ನಿಂತ. ಅಂಗಿಯ ತೋಳು ಅಚ್ಚುಕಟ್ಟಾಗಿ ಮಡಚಿದ್ದ. ಪುಸ್ತಕದ ರಾಶಿಯನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ರಾಶಿಯನ್ನು ನೋಡಿದ.

"ಭಾರ ನಾನು ಹೊರ್ತೀನಿ. ಅನಾಟಮಿ ಮೇಡಂ ಬೈಗುಳ ನೀವು ಹೊರಿ. ಓಕೆನಾ?"

"ಎಲ್ಲಾ ನೀವೇ ಇಟ್ಕೊಳ್ಳಿ. ನಂಗೆ ಬೇಡ."

"ಬೇಡ ಅಂದ್ರೆ? ಇಬ್ರ ಹೆಸರಲ್ಲೂ ಬರ್ದಿದಾರೆ ರೀ. ಒಂದು ವಾರ ನಿಮ್ಗೆ, ಒಂದು ವಾರ ನಂಗೆ." ಅವನು ದನಿ ತಗ್ಗಿಸಿದ. "ನಾಚ್ಕೆನಾ?"

ವಚನಾ ಬೆಚ್ಚಿ ತಲೆ ಎತ್ತಿದಳು.

"ನಂಗೂ ಹಿಂಗೇ ಆಗ್ತಿತ್ತು," ಅಂದ ಅವನು, ತುಂಬ ತಿಳಿದವನ ಹಾಗೆ. "ಬೈಂಡ್ ಹಾಕಿದ್ರೆ ಬುಕ್ ಬ್ಯಾಂಕ್ ಸೀಲ್ ಕಾಣಲ್ಲ ಅನ್ಕೊಂಡಿದೀರಾ? ನೋಡಿ, ಹಾಳೆ ಅಂಚಿಗೂ ಹೊಡ್ದಿದಾರೆ. ತಪ್ಪಿಸ್ಕೊಳ್ಳೋಕಾಗಲ್ಲ. ಅದಕ್ಕೇ ನಾಚ್ಕೋಬಾರ್ದು. ಇದು ನಮ್ ಹಕ್ಕು, ಯಾರ ಭಿಕ್ಷೆನೂ ಅಲ್ಲ."

ಅವನ ಕಣ್ಣಲ್ಲಿ ಅಣಕವಿರಲಿಲ್ಲ. ತನ್ನ ಜೊತೆಯ ಹುಡುಗಿಯೊಬ್ಬಳು ತನ್ನ ಹಾಗೇ ಮುದುಡಿ ನಿಂತಿದ್ದಾಳೆ ಎಂಬ ಕಳಕಳಿ ಮಾತ್ರ ಇತ್ತು. ಅದನ್ನು ನೋಡಿದ ಮೇಲೆ ವಚನಾಳಿಗೆ ನಿಜಕ್ಕೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು.

ಏಕೆಂದರೆ ಅವಳ ನಾಚಿಕೆ ಅದಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಬೇಡ ಜಂಗಮರೆಂಬ ಒಂದು ಬಡ ಅಲೆಮಾರಿ ಜನರ ಹೆಸರಿದೆ. ವಚನಾಳ ಮನೆಯವರು ಜಂಗಮರು ಹೌದು, ಆ ಜನ ಅಲ್ಲ. ಲಿಂಗಾಯತರಲ್ಲಿ ಗುರುಗಳ ಮನೆತನ, ಮೂಲ ಹಾವೇರಿ ಕಡೆ, ಈಗ ಬಸವೇಶ್ವರನಗರದಲ್ಲಿ ಸ್ವಂತ ಮನೆ. ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದ ಅಪ್ಪ ಶಂಭುಲಿಂಗಯ್ಯನವರಿಗೆ ಯಾವ ಆಫೀಸಿನಲ್ಲಿ ಯಾರನ್ನು ಹಿಡಿದರೆ ಏನಾಗುತ್ತದೆಂದು ಗೊತ್ತಿತ್ತು. ವಚನಾಳ ರ‍್ಯಾಂಕಿಗೆ ಅವರದೇ ಪಂಗಡದ ತ್ರೀ ಬಿ ಕೋಟಾದಲ್ಲಿ ಡೆಂಟಲ್ ಸಿಗುತ್ತಿತ್ತು. ಅಪ್ಪ ತಂದ ಬೇಡ ಜಂಗಮ ಸರ್ಟಿಫಿಕೇಟಿಗೆ ಎಂಬಿಬಿಎಸ್ ಸಿಕ್ಕಿತು.

"ನಮ್ಮಜ್ಜ ಜೋಳಿಗಿ ಹಿಡಕೊಂಡು ಮನಿ ಮನಿ ತಿರುಗಿದಾಂವ," ಅಂದಿದ್ದರು ಅಪ್ಪ. "ಅದೇನು ಸುಳ್ಳೇನು?"

ಜೋಳಿಗೆ ಸುಳ್ಳಲ್ಲ. ಆದರೆ ಭಿಕ್ಷೆ ನೀಡುವ ಮುಂಚೆ ಆ ಮನೆಯವರು ಮುತ್ತಜ್ಜನ ಪಾದ ತೊಳೆಯುತ್ತಿದ್ದರು. ಅದನ್ನೂ ಅಪ್ಪನೇ ಹೆಮ್ಮೆಯಿಂದ ಹೇಳುತ್ತಿದ್ದದ್ದು. ಸೀಟು ಸಿಕ್ಕ ವಾರವೇ ಮನೆಗೆ ಬಣ್ಣ ಹೊಡೆಸುವ ನೆಪದಲ್ಲಿ 'ಹಿರೇಮಠ' ಎಂದು ಕೆತ್ತಿದ್ದ ಬಾಗಿಲ ಬೋರ್ಡು ಅಟ್ಟ ಸೇರಿತು. ವಚನಾ ಕೊರಳಲ್ಲಿ ಧರಿಸುತ್ತಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಕಾಲೇಜಿಗೆ ಹೊರಡುವ ಮುಂಚೆ ದೇವರ ಮನೆಯಲ್ಲಿ ಬಿಚ್ಚಿಟ್ಟು ಬರತೊಡಗಿದಳು. ಬುಕ್ ಬ್ಯಾಂಕಿಗೂ ಅಪ್ಪನೇ ಹೆಸರು ಬರೆಸಿದ್ದು. ಎಲ್ಲರೂ ತೆಗೆದುಕೊಳ್ಳುವಾಗ ಒಬ್ಬಳು ಬೇಡ ಅಂದರೆ ಅನುಮಾನ ಬರುತ್ತದಂತೆ.

*

ಕೃಷ್ಣಮೂರ್ತಿಗೆ ಎಲ್ಲರೂ ಕಿಟ್ಟಿ ಅನ್ನುತ್ತಿದ್ದರು. ಪ್ರತಿ ಸೋಮವಾರ ವಿಜಯನಗರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಬಳಿ ಪುಸ್ತಕಗಳು ಕೈ ಬದಲಾಯಿಸುತ್ತಿದ್ದವು. ಅವಳು ಅಲ್ಲಿಂದ ಬಸವೇಶ್ವರನಗರಕ್ಕೆ, ಅವನು ಸುಂಕದಕಟ್ಟೆ ದಾಟಿ ಹೇರೋಹಳ್ಳಿಗೆ. ಐದು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುವುದು ಬಹಳ ಬೇಗ ಅಭ್ಯಾಸವಾಯಿತು.

ಬುಕ್ ಬ್ಯಾಂಕಿನ ಪುಸ್ತಕದಲ್ಲಿ ಪೆನ್ನು ಮುಟ್ಟಿಸುವಂತಿಲ್ಲ. ಪೆನ್ಸಿಲ್ಲಿಗೆ ಅಡ್ಡಿಯಿಲ್ಲ, ವಾಪಸ್ ಕೊಡುವಾಗ ಅಳಿಸಿರಬೇಕು, ಅಷ್ಟೇ. ಮೊದಲು ಬರೆದವನು ಅವನೇ. ಭುಜದ ನರಗಳ ಚಿತ್ರದ ಪಕ್ಕದಲ್ಲಿ, 'ಇದನ್ನು ನೆನಪಿಟ್ಟವರಿಗೆ ಮಸಾಲೆ ಪುರಿ.' ಮುಂದಿನ ವಾರ ಅದರ ಕೆಳಗೆ ಅವಳ ದುಂಡು ಅಕ್ಷರ: 'ನೆನಪಿದೆ. ಎರಡು ಪ್ಲೇಟ್.' ಹೀಗೆ ಶುರುವಾಗಿದ್ದು ಹಾಳೆ ಹಾಳೆಗೂ ಹಬ್ಬಿತು. ಮೂತ್ರಪಿಂಡದ ಪಕ್ಕ ಜಗಳ, ಮೊಣಕಾಲಿನ ಪಕ್ಕ ರಾಜಿ.

"ನೀನು ನಕ್ಕಾಗ ಬಲಗೆನ್ನೆ ಮಾತ್ರ ಗುಳಿ ಬೀಳುತ್ತೆ," ಅಂದ ಒಂದು ಸಂಜೆ. ಯಾವಾಗ 'ನೀವು' ಹೋಗಿ 'ನೀನು' ಬಂತೋ ಇಬ್ಬರಿಗೂ ನೆನಪಿಲ್ಲ.

"ಅನಾಟಮಿ ಓದೋ ಟೈಮಲ್ಲಿ ನನ್ನ ಕೆನ್ನೆ ಯಾಕೋ ನೋಡ್ತೀಯಾ?"

"ಅದೂ ಅನಾಟಮಿನೇ ಕಣೇ. ಸಿಲಬಸ್‌ನಲ್ಲಿದೆ."

ಅವಳು ಪುಸ್ತಕ ಎತ್ತಿ ಹೊಡೆಯಲು ಹೋದಳು. ಅವನು ತಲೆ ತಗ್ಗಿಸಿದ, ಆದರೆ ನೋಟ ತಗ್ಗಿಸಲಿಲ್ಲ. ಆ ನೋಟವನ್ನು ಅವಳು ಬಸ್ಸಿನಲ್ಲಿ ಮನೆಯವರೆಗೂ ಹೊತ್ತುಕೊಂಡು ಹೋದಳು.

ಅವಳ ನಾಚಿಕೆ ಬಿಡಿಸುವುದು ತನ್ನ ಕೆಲಸವೆಂದು ಕಿಟ್ಟಿ ತಿಳಿದಿದ್ದ. ಅವಳು ಬ್ರೌನ್ ಪೇಪರ್ ಹಾಕಿದರೆ ಅವನು ಕಿತ್ತುಹಾಕುತ್ತಿದ್ದ. ಯಾರಾದರೂ ಸೀಟಿನ ಮಾತೆತ್ತಿದಾಗ ಅವಳು ಎದ್ದು ಹೋದರೆ, ಹಿಂದೆಯೇ ಬಂದು ಸಮಾಧಾನ ಮಾಡುತ್ತಿದ್ದ. ಫಿಸಿಯಾಲಜಿ ಪುಸ್ತಕದ ಮೊದಲ ಹಾಳೆಯಲ್ಲಿ, ನೇರಳೆ ಸೀಲಿನ ಪಕ್ಕದಲ್ಲೇ ದೊಡ್ಡದಾಗಿ ಬರೆದ: 'ನಾಚ್ಕೋಬೇಡ.' ಅವನು ಕೊಡುತ್ತಿದ್ದ ಔಷಧಿ ಒಳ್ಳೆಯದೇ, ಆದರೆ ರೋಗ ಬೇರೆಯಿತ್ತು.

ಒಂದು ದಿನ ಮೆಟ್ಟಿಲ ಮೇಲೆ ಕೂತು, ಯಾರಿಗೂ ಹೇಳದ ಸಂಗತಿಯೊಂದನ್ನು ಹೇಳಿದ.

"ಎಂಟನೇ ಕ್ಲಾಸಲ್ಲಿ ಸ್ಕಾಲರ್‌ಶಿಪ್ ಬಂತು. ಮೇಷ್ಟ್ರು ಕ್ಲಾಸಿಗೆ ಬಂದು, ಎಸ್‌ಸಿ ಹುಡುಗ್ರು ಎದ್ದು ನಿಲ್ಲಿ ಅಂದ್ರು. ನಾನು ಏಳ್ಲಿಲ್ಲ ವಚನಾ. ಪಕ್ಕದಲ್ಲಿ ಕೂತ ಫ್ರೆಂಡ್‌ಗೆ ಗೊತ್ತಿರ್ಲಿಲ್ಲ. ಮೇಷ್ಟ್ರು ನನ್ನೇ ನೋಡ್ತಿದ್ರು, ನಾನು ಕಿಟಕಿ ನೋಡ್ತಿದ್ದೆ. ಅಪ್ಪ ಕೇಳ್ದಾಗ ಈ ವರ್ಷ ಬಂದಿಲ್ಲ ಅಂದೆ. ಅಪ್ಪ ಪಾಪ, ಸರ್ಕಾರನ ಬೈದ್ರು."

ಅವನು ನಗಲು ನೋಡಿದ, ಆಗಲಿಲ್ಲ.

"ಅಪ್ಪ-ಅಮ್ಮನ ಮೇಲೆ ನಾಚ್ಕೊಂಡ್ನಲ್ಲಾ ಅಂತ ಇವತ್ತಿಗೂ ಚುಚ್ಚುತ್ತೆ. ನಿನ್ ಹತ್ರ ಹೇಳ್ಬೋದು. ನೀನು ನಮ್ಮೋಳು, ನಿಂಗೆ ಅರ್ಥ ಆಗುತ್ತೆ."

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವನು ಎದ್ದು ಹೋಗುತ್ತಾನೆ ಎಂದೂ ಗೊತ್ತಿತ್ತು. ಅವಳು ಅವನ ಕೈ ಹಿಡಿದಳು. ಅವನು ಅದನ್ನೇ ಉತ್ತರವೆಂದುಕೊಂಡ.

ಅವಳಿಗೆ ಅವನೆಂದರೆ ಪ್ರಾಣವಾಗಿತ್ತು. ಅದೊಂದು ಮಾತ್ರ ಸುಳ್ಳಿರಲಿಲ್ಲ.

*

ಮರುವರ್ಷದ ನೀಟ್ ಫಲಿತಾಂಶ ಬಂದಾಗ ತಮ್ಮ ಬಸವಕಿರಣನ ಮಾರ್ಕ್ಸ್ ಹೇಳಿಕೊಳ್ಳುವಂತಿರಲಿಲ್ಲ. ಅಪ್ಪನ ಮುಖದಲ್ಲಿ ಮಾತ್ರ ಚಿಂತೆಯೇ ಇಲ್ಲ.

"ಅಕ್ಕಂದು ಆಗೇತಿ, ತಮ್ಮಂದು ಆಗಾಕ ಏನು ತೊಂದ್ರಿ? ಒಂದ ಮನಿ, ಒಂದ ರಕ್ತ. ಅಕಿ ಸರ್ಟಿಫಿಕೇಟ್ ತೋರ್ಸಿದ್ರ ಸಾಕು, ಮತ್ತ ಯಾರೂ ಕೇಳಂಗಿಲ್ಲ."

"ಬೇಡಪ್ಪ," ಅಂದಳು ವಚನಾ.

"ಯಾಕವಾ? ನಿನಗ ದಕ್ಕಿದ್ದು ಅವಗ ದಕ್ಕಬಾರ್ದೇನು?"

ತಾನು ತಿಂದ ತಟ್ಟೆಯಲ್ಲಿ ತಮ್ಮನಿಗೆ ಬೇಡವೆನ್ನಲು ಯಾವ ಬಾಯಿ? ಅಮ್ಮ ನೀಲಮ್ಮ ರೊಟ್ಟಿ ತಟ್ಟುತ್ತಿದ್ದವರು ಒಮ್ಮೆ ಕೈ ನಿಲ್ಲಿಸಿ, ಮತ್ತೆ ತಟ್ಟತೊಡಗಿದರು.

ಅದೇ ವಾರ ಕಿಟ್ಟಿ, "ಭಾನುವಾರ ಮನೆಗೆ ಬಾ. ಅಮ್ಮ ನಿನ್ನ ನೋಡ್ಬೇಕಂತೆ," ಅಂದ. ಕಿವಿಯವರೆಗೂ ಕೆಂಪಾಗಿದ್ದ. "ನೋಡ್ಬೇಕಂದ್ರೆ... ಸುಮ್ನೆ ನೋಡೋಕೆ ಅಲ್ಲ."

*

ಹೇರೋಹಳ್ಳಿಯ ಹಳೇ ಊರಿನ ಓಣಿಯಲ್ಲಿ ರಸ್ತೆ ಅಗೆದು ಮುಚ್ಚದೆ ಬಿಟ್ಟಿದ್ದರು. ಹಿಂದೆ ಕೂತಿದ್ದ ವಚನಾಳನ್ನು ಇಳಿಸಿ, ಕಿಟ್ಟಿ ಗಾಡಿಯನ್ನು ತಳ್ಳಿಕೊಂಡೇ ಮನೆಯವರೆಗೆ ಬಂದ. ಅವನ ಅಪ್ಪ ದೊಡ್ಡಹನುಮಯ್ಯ ಬಡಾವಣೆಗಳಿಗೆ ನೀರು ಬಿಡುವ ವಾಲ್ವ್‌ಮನ್. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ಕಾಯುತ್ತಿದ್ದರು.

"ಬಾಮ್ಮ, ಬಾ. ನಮ್ ಜನದಲ್ಲಿ ಒಂದು ಹೆಣ್ಮಗು ಡಾಕ್ಟ್ರಾಗ್ತೈತೆ ಅಂತ ಇವನು ಹೇಳ್ದಾಗಿಂದ ಹೊಟ್ಟೆ ತುಂಬ್ದಂಗಾಗೈತೆ."

ವಚನಾ ಬಗ್ಗಿ ಅವರ ಕಾಲು ಮುಟ್ಟಿದಳು. ಏಳಲು ಮನಸ್ಸೇ ಬರಲಿಲ್ಲ.

ಕಿಟ್ಟಿಯ ಅಮ್ಮ ಯಶೋದಮ್ಮ ನಾಟಿಕೋಳಿ ಸಾರು ಮಾಡಿದ್ದರು. ಅವಳ ಕೈ ಹಿಂಜರಿದದ್ದನ್ನು ಕಂಡು ತಾವೇ, "ಇವತ್ತು ಕೋಳಿ ತಿನ್ನಲ್ವ, ವಾರ ಮಾಡ್ತೀಯೇನವ್ವ?" ಎಂದು ಕೇಳಿದರು.

"ಹೂಂ ಆಂಟಿ," ಅಂದಳು. ಇನ್ನೊಂದು ಸುಳ್ಳು.

"ಮುಂಚೆನೇ ಹೇಳ್ಬಾರ್ದೇನೋ ಕಿಟ್ಟಿ? ಇರ್ಲಿ, ಸೊಪ್ಪಿನ ಸಾರು ಮಾಡ್ತೀನಿ, ಎಷ್ಟೊತ್ತು." ಬೇಡ ಬೇಡವೆಂದರೂ ಕೇಳದೆ ಬೇರೆ ಒಲೆ ಹಚ್ಚಿದರು. ಮುದ್ದೆ ಬಡಿಸಿದಾಗ ವಚನಾ ತುತ್ತು ಮುರಿದು ಬಾಯಿಗಿಟ್ಟು ಅಗಿದಳು. ಕಿಟ್ಟಿಯ ತಂಗಿ ಧನ್ಯಶ್ರೀ ಬಿದ್ದು ಬಿದ್ದು ನಕ್ಕಳು.

"ಅಮ್ಮಾ, ಅಕ್ಕ ಮುದ್ದೆ ಅಗೀತಾವ್ರೆ!"

"ಅವರು ಹಾವೇರಿ ಕಡೆಯೋರು ಕಣೇ, ರೊಟ್ಟಿ ತಿನ್ನೋರು," ಎಂದು ಕಿಟ್ಟಿ ವಕಾಲತ್ತಿಗೆ ನಿಂತ. ಯಶೋದಮ್ಮ ಪಕ್ಕದಲ್ಲಿ ಕೂತು, "ಅಗಿಬ್ಯಾಡ ಕಣವ್ವ. ಸಾರಲ್ಲಿ ಅದ್ಕೊಂಡು ನುಂಗು. ಹಾಂ, ಹಂಗೆ," ಎಂದು ಮಗುವಿಗೆ ಕಲಿಸುವಂತೆ ಕಲಿಸಿದರು. ನುಂಗುವುದು ಅವತ್ತು ವಚನಾಳಿಗೆ ಬಹಳ ಕಷ್ಟವಾಯಿತು.

"ಈ ಸಲ ನನ್ ನೀಟ್ ರ‍್ಯಾಂಕ್ ಬಾರ್ಡರ್‌ನಲ್ಲಿದೆ ಅಕ್ಕ," ಅಂದಳು ಧನ್ಯಶ್ರೀ. "ಸೆಕೆಂಡ್ ರೌಂಡ್‌ನಲ್ಲಿ ಆಗ್ಬೋದು, ಆಗ್ದೇನೂ ಇರ್ಬೋದು. ಸೀಟ್ ಸಿಕ್ರೆ ನಿಮ್ಮ ಪುಸ್ತಕ ನಂಗೇ ಕೊಡ್ಬೇಕು ಆಯ್ತಾ?"

"ಹೋದ ವರ್ಷ ಅಣ್ಣ-ತಂಗಿ ಇಬ್ರೂ ಬರ್ದಿದ್ರು," ಅಂದರು ಯಶೋದಮ್ಮ. "ಇವನದು ಆಯ್ತು. ಇವಳ ಮುಂದಿನೋರಿಗೆ ಬಂದು ಲಿಸ್ಟು ನಿಂತೋಯ್ತು. ಒಂದೇ ಒಂದು ಸೀಟು ಕಣವ್ವ. ಇನ್ನೊಂದು ಇದ್ದಿದ್ರೆ ಸಾಕಾಗಿತ್ತು. ಯಾರ್ನ ಬೈಯೋಣ ಹೇಳು? ನಮ್ಮಂತೋರ ಮನೆ ಮಕ್ಳಿಗೇ ತಾನೆ ಹೋಗಿರ್ತದೆ. ಚೆನ್ನಾಗಿರ್ಲಿ ಬಿಡು."

ಚೆನ್ನಾಗಿರ್ಲಿ ಬಿಡು. ವಚನಾ ತಟ್ಟೆಯಲ್ಲಿದ್ದುದನ್ನು ಒಂದು ಚೂರೂ ಬಿಡದೆ ತಿಂದಳು. ಹೊರಡುವಾಗ ಯಶೋದಮ್ಮ ಕುಂಕುಮವಿಟ್ಟು, ಅವಳ ಜಡೆಗೆ ಮಲ್ಲಿಗೆ ಮುಡಿಸಿ, ಗಲ್ಲ ಹಿಡಿದು ಕಿಟ್ಟಿಯ ಕಡೆ ನೋಡಿ ನಕ್ಕರು.

*

ಮಲ್ಲತ್ತಹಳ್ಳಿ ಕೆರೆಯ ಬಳಿ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಸುತ್ತು ಬಳಸಿದ ದಾರಿ, ಅವನು ಬೇಕೆಂದೇ ಹಿಡಿದದ್ದು.

"ಕಿಟ್ಟಿ, ನಿಲ್ಸು."

ಅವನು ನಗುತ್ತಲೇ ಗಾಡಿ ನಿಲ್ಲಿಸಿದ. ಕೆರೆ ಏರಿಯ ಮೇಲೆ ವಾಕಿಂಗ್ ಜನ. ಅವಳು ಕಂಬಿ ಹಿಡಿದು ನಿಂತಳು.

"ನಾನು ಎಸ್‌ಸಿ ಅಲ್ಲ."

"ಮತ್ತೆ ಶುರು ಮಾಡ್ದಾ?" ಅವನ ದನಿಯಲ್ಲಿ ಅಕ್ಕರೆಯ ಬೇಸರ. "ಇವತ್ತು ನಮ್ಮನೇಲಿ ಕೂತು ಊಟ ಮಾಡಿ ಬಂದು, ಈಗ ಹಿಂಗಂದ್ರೆ ಏನೇ ಅರ್ಥ? ಎಷ್ಟು ಸಲ ಹೇಳ್ದೆ, ನಾಚ್ಕೋ—"

"ನಾಚ್ಕೆ ಅದಕ್ಕಲ್ಲ ಕಣೋ! ಯಾವತ್ತೂ ಅದಕ್ಕಿರ್ಲಿಲ್ಲ." ಅವಳು ಕಂಬಿ ಬಿಟ್ಟು ಅವನ ಕಡೆ ತಿರುಗಿದಳು. "ನಾವು ಲಿಂಗಾಯತ್ರು. ಜಂಗಮರು. ಹಿರೇಮಠ ಅಂತ ನಮ್ಮ ಹೆಸರು. ಅಪ್ಪ ಬೇಡ ಜಂಗಮ ಅಂತ ಸರ್ಟಿಫಿಕೇಟ್ ಮಾಡ್ಸಿದ್ರು. ನಂಗೆ ಗೊತ್ತಿತ್ತು. ಗೊತ್ತಿದ್ದೇ ಸೀಟ್ ತಗೊಂಡೆ. ಈ ಸಲ ತಮ್ಮಂಗೂ ಅದನ್ನೇ ಮಾಡ್ತಿದಾರೆ."

ಕಿಟ್ಟಿಯ ಮುಖದ ಮೇಲಿನ ನಗು ಒಮ್ಮೆಗೇ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು. ಆಮೇಲೆ ಅವನು ನೀರಿನ ಕಡೆ ತಿರುಗಿದ.

"ಅಮ್ಮ ಚೆನ್ನಾಗಿರ್ಲಿ ಅಂದ್ರು," ಅಂದ ಕೊನೆಗೆ. "ಕೇಳಿಸ್ಕೊಂಡೆ ಅಲ್ವಾ?"

"ಕೇಳಿಸ್ಕೊಂಡೆ."

"ಸೀಟ್ ವಿಷ್ಯ ಬಿಡು. ಸೀಟ್ ಹೊಡ್ಕೊಳ್ಳೋರು ಬೇಜಾನ್ ಜನ ಇದಾರೆ, ಜಗಳ ಆಡ್ಬೋದು, ಕೇಸ್ ಹಾಕ್ಬೋದು." ಅವನು ಏರಿಯ ಕಲ್ಲೊಂದನ್ನು ಕಾಲಿನಿಂದ ನೀರಿಗೆ ತಳ್ಳಿದ. "ಎಂಟನೇ ಕ್ಲಾಸಿಂದು ಹೇಳ್ದೆನಲ್ಲಾ, ಅದನ್ಯಾಕೆ ಕೇಳಿಸ್ಕೊಂಡೆ? ನಮ್ಮಪ್ಪಂಗೂ ಹೇಳಿಲ್ಲ ನಾನು. ನಮ್ಮೋಳು ಅಂತ ಹೇಳ್ದೆ. ಅವತ್ತೇ ಹೇಳ್ಬೇಕಿತ್ತು ನೀನು, ಕಿಟ್ಟಿ ನಿಲ್ಸು ಅಂತ. ಇವತ್ತು ಗಾಡಿ ನಿಲ್ಸಿದೆಯಲ್ಲಾ, ಹಂಗೆ."

ಅವಳು ಅಳಲಿಲ್ಲ. ಅಳುವುದೂ ತನ್ನ ಹಕ್ಕಲ್ಲ ಅನ್ನಿಸಿತು.

"ನೀನಂದ್ರೆ ಇಷ್ಟ ಅನ್ನೋದು ಸುಳ್ಳಲ್ಲ ಕಿಟ್ಟಿ."

"ಗೊತ್ತು," ಅಂದ ಅವನು. "ಅದೇ ಕಷ್ಟ ಆಗಿರೋದು."

ಕತ್ತಲಾಗುತ್ತ ಬಂತು. ಮತ್ತೆ ಅವನೇ ಗಾಡಿ ಸ್ಟಾರ್ಟ್ ಮಾಡಿ, ಮುಖ ನೋಡದೆ, "ಹತ್ತು. ಬಸ್ ಸ್ಟಾಪ್‌ವರ್ಗೂ ಬಿಡ್ತೀನಿ," ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವನು ಹಳ್ಳ ಕಂಡಲ್ಲೆಲ್ಲ ಎಂದಿನ ಹಾಗೆ, ಅವಳಿಗೆ ಜರ್ಕ್ ಆಗದಂತೆ ಮೆಲ್ಲಗೆ ಓಡಿಸಿದ. ವಚನಾ ಆಗ ಸದ್ದಿಲ್ಲದೆ ಅತ್ತಳು.

*

"ಕೇಸ್ ಆಗತೈತಿ! ಅಪ್ಪನ್ನ ಜೇಲಿಗೆ ಕಳಸ್ತೀಯೇನು?" ಶಂಭುಲಿಂಗಯ್ಯನವರ ಕೂಗು ಪಕ್ಕದ ಮನೆಗೂ ಕೇಳಿತು.

"ಸೀಟ್ ಬಿಡ್ತಿದೀನಿ ಅಪ್ಪ. ಯಾಕೆ ಅಂತ ಕೇಳಿದ್ರೆ ನಿಜ ಹೇಳ್ತೀನಿ. ತಮ್ಮಂಗೆ ನನ್ನ ಸರ್ಟಿಫಿಕೇಟ್ ತೋರಿಸ್ಬೇಡಿ. ತೋರಿಸಿದ್ರೆ ಅಲ್ಲೂ ಬಂದು ಹೇಳ್ತೀನಿ."

"ಎಲ್ಲಾರೂ ಮಾಡ್ಯಾರ! ನಾವೊಬ್ಬರ ಅಲ್ಲ!"

"ನಮ್ಮ ಮನೇದು ನಾವು ನೋಡ್ಕೊಳ್ಳೋಣ ಅಪ್ಪ."

ಅಪ್ಪ ಅವಳ ಜೊತೆ ಮಾತು ಬಿಟ್ಟರು. ಬಸವಕಿರಣ ಮೆಲ್ಲಗೆ ಬಂದು, "ಅಕ್ಕ, ನಂಗೂ ಭಯ ಆಗ್ತಿತ್ತು," ಅಂದ. ಮರುದಿನ ಬೆಳಿಗ್ಗೆ ಅವಳು ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ಹೊರಗೆ ಬಂದಾಗ, ನೀಲಮ್ಮ ಅಟ್ಟದಿಂದ ಇಳಿಸಿದ 'ಹಿರೇಮಠ' ಬೋರ್ಡನ್ನು ಸೆರಗಿನಿಂದ ಒರೆಸುತ್ತಿದ್ದರು. ಮಗಳನ್ನು ನೋಡಿ, ಬೋರ್ಡನ್ನು ಬಾಗಿಲ ಪಕ್ಕದ ಗೋಡೆಗೆ ಒರಗಿಸಿಟ್ಟರು.

ಪ್ರಿನ್ಸಿಪಾಲರು ಅವಳು ಬರೆದುಕೊಟ್ಟದ್ದನ್ನು ಎರಡು ಸಲ ಓದಿ, ಅವಳನ್ನೊಮ್ಮೆ ನೋಡಿ, ಇಲಾಖೆಗೆ ಕಳಿಸಲೇಬೇಕಾಗುತ್ತದೆ ಎಂದರು. ಕಳಿಸಿ ಸಾರ್ ಅಂದಳು. ಉಳಿದದ್ದು ಪುಸ್ತಕ. ಒಂದು ಸೆಟ್ ಇಬ್ಬರ ಹೆಸರಲ್ಲಿದ್ದರೆ, ಅದನ್ನು ಬಿಡಿಸಲು ಇಬ್ಬರ ಸಹಿಯೂ ಬೇಕು. ಕಿಟ್ಟಿಗೆ ಮೆಸೇಜ್ ಹಾಕಿದಳು. 'ಬರ್ತೀನಿ' ಎಂದಷ್ಟೇ ಉತ್ತರ ಬಂತು.

"ಮಧ್ಯದಲ್ಲಿ ಯಾಕಮ್ಮ ಹೆಸರು ತೆಗೆಸ್ತಿದೀಯಾ?" ವೆಂಕಟಗಿರಿಯವರ ದನಿ ಇವತ್ತೂ ತಗ್ಗಿರಲಿಲ್ಲ. ಓದುತ್ತಿದ್ದವರೆಲ್ಲ ಅವತ್ತಿನ ಹಾಗೆಯೇ ತಲೆ ಎತ್ತಿದರು.

ಕಿಟ್ಟಿ ಅವಳ ಪಕ್ಕದಲ್ಲಿ, ಒಂದು ಮಾರು ದೂರದಲ್ಲಿ ನಿಂತಿದ್ದ. ವಚನಾ ದುಪಟ್ಟಾ ಸರಿಪಡಿಸಿಕೊಂಡಳು, ಮುಖಕ್ಕೆ ಎಳೆದುಕೊಳ್ಳಲಿಲ್ಲ.

"ಇದು ನನ್ನ ಹಕ್ಕಲ್ಲ ಸಾರ್. ನಾನು ಎಸ್‌ಸಿ ಅಲ್ಲ. ಸುಳ್ಳು ಹೇಳಿ ಸೀಟು ತಗೊಂಡಿದ್ದೆ, ಪುಸ್ತಕಾನೂ ತಗೊಂಡಿದ್ದೆ."

ಯಾರೋ ಹಿಂದಿನಿಂದ ಕೆಟ್ಟದಾಗಿ ಏನೋ ಅಂದರು. ಅದು ತನಗೆ ಸಲ್ಲಬೇಕಾದದ್ದೇ ಎಂದು ಅವಳು ತಿರುಗಿ ನೋಡಲಿಲ್ಲ. ವೆಂಕಟಗಿರಿಯವರು ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದರು.

"ಪೆನ್ಸಿಲ್ ಬರ್ದಿರೋದೆಲ್ಲಾ ಅಳಿಸ್ಕೊಂಡು ಬನ್ನಿ."

ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತರು. ಅವನು ಜೇಬಿನಿಂದ ರಬ್ಬರ್ ತೆಗೆದು, ಅರ್ಧಕ್ಕೆ ಮುರಿದು ಅವಳ ಕೈಗಿಟ್ಟ. ಅವನು ಬರೆದದ್ದನ್ನು ಅವಳು ಅಳಿಸಿದಳು, ಅವಳು ಬರೆದದ್ದನ್ನು ಅವನು. ಮಸಾಲೆ ಪುರಿ ಹೋಯಿತು. ಎರಡು ಪ್ಲೇಟ್ ಹೋಯಿತು. ಮೂತ್ರಪಿಂಡದ ಜಗಳ ಬಂದಾಗ ಅವನ ಕೈ ಒಂದು ಕ್ಷಣ ನಿಂತಿತು, ತುಟಿಯಂಚಿನಲ್ಲಿ ನಗುವೊಂದು ಬಂದು ಮರೆಯಾಯಿತು. ರಬ್ಬರಿನ ಹುಡಿಯನ್ನು ಅವಳು ಊದಿದರೆ ಅವನ ಅಂಗಿಯ ಮೇಲೆ ಬೀಳುತ್ತಿತ್ತು. ಅವನು ಕೊಡವಿಕೊಳ್ಳಲಿಲ್ಲ.

"ಮುಂದೆ?" ಎಂದು ಕೇಳಿದ, ಪುಸ್ತಕದಿಂದ ತಲೆ ಎತ್ತದೆ.

"ಮತ್ತೆ ನೀಟ್ ಬರೀತೀನಿ, ಬರಿಯೋಕೆ ಬಿಟ್ರೆ. ನಮ್ಮ ತ್ರೀ ಬಿಯಲ್ಲೇ. ಡೆಂಟಲ್ ಸಿಕ್ರೆ ಡೆಂಟಲ್." ತಡೆದು ಕೇಳಿದಳು, "ಧನ್ಯಂಗೆ ಹೇಳ್ದಾ?"

"ಹೇಳ್ದೆ. ಎರಡು ದಿನ ಊಟ ಬಿಟ್ಲು. ಸೆಕೆಂಡ್ ರೌಂಡ್ ಇನ್ನೂ ಬಂದಿಲ್ಲ." ಇನ್ನೊಂದು ಹಾಳೆ ತಿರುವಿ ಅಂದ, "ನಾನು ಅಪ್ಪಂಗೂ ಹೇಳ್ಬಿಟ್ಟೆ. ಎಂಟನೇ ಕ್ಲಾಸಿಂದು."

"ಏನಂದ್ರು?"

"ಸರ್ಕಾರನ ಸುಮ್ನೆ ಬೈದ್ನಲ್ಲೋ ಅಂದ್ರು."

ಇಬ್ಬರಿಗೂ ನಗು ಬಂತು, ಇಬ್ಬರೂ ನುಂಗಿಕೊಂಡರು. ಕೊನೆಗೆ ಉಳಿದದ್ದು ಫಿಸಿಯಾಲಜಿಯ ಮೊದಲ ಹಾಳೆ. ನೇರಳೆ ಸೀಲು, ಅದರ ಪಕ್ಕದಲ್ಲಿ ಅವನ ದೊಡ್ಡ ಅಕ್ಷರ: 'ನಾಚ್ಕೋಬೇಡ.' ಅವಳ ಪಾಲಿನ ಹಾಳೆ ಅದು. ವಚನಾ ರಬ್ಬರ್ ಹಿಡಿದು ಕೂತಳು. ಕೈ ಏಳಲಿಲ್ಲ.

ಕಿಟ್ಟಿ ಪುಸ್ತಕವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ತಾನೇ ಅಳಿಸಿದ. ಅವಸರವಿಲ್ಲದೆ, ಹಾಳೆ ಹರಿಯದಂತೆ, ಒಂದೊಂದೇ ಅಕ್ಷರ. ಹುಡಿ ಊದಿ ಪುಸ್ತಕ ಮುಚ್ಚಿದ. ಎದ್ದು ನಿಂತು ರಾಶಿಯನ್ನೆಲ್ಲ ತಾನೇ ಎತ್ತಿಕೊಂಡ, ಮೊದಲ ದಿನ ಎತ್ತಿಕೊಂಡ ಹಾಗೆ. ಈಗ ಅವಳ ಮುಖವನ್ನು ನೇರವಾಗಿ ನೋಡಿದ.

"ಸ್ವಲ್ಪ ದಿನ ನಾಚ್ಕೊಂಡೇ ಇರು," ಅಂದ. "ಆಮೇಲೆ ಬಾ."